ಉಪದೇಶಪೀಠ ಮತ್ತು ಪಾರ್ಲಿಮೆಂಟು: ಡಾಕ್ಟರ್ ಸಶೆವರೆಲ್ ವಿಚಾರಣೆ

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಚರ್ಚಿನ ಉಪದೇಶಪೀಠ ರಾಜಕೀಯದಿಂದ ದೂರವಿದ್ದ ಜಾಗವಲ್ಲ. ದೂರವಿರಲಿ ಎಂದು ಪಾರ್ಲಿಮೆಂಟು ಬಯಸಿದ್ದೂ ಇಲ್ಲ. ಪತ್ರಿಕೆಗಳು ವಿರಳವಾಗಿದ್ದ, ಓದಬಲ್ಲವರು ಕಡಿಮೆಯಿದ್ದ ಕಾಲ ಅದು. ಊರಿನವರೆಲ್ಲ ವಾರಕ್ಕೊಮ್ಮೆ ಒಂದೆಡೆ ಕೂತು ಒಬ್ಬನ ಮಾತನ್ನು ಸದ್ದಿಲ್ಲದೆ ಕೇಳುತ್ತಿದ್ದ ಸ್ಥಳ ಚರ್ಚೊಂದೇ. ಅರಸರ ಘೋಷಣೆಗಳನ್ನು ಓದಿ ಹೇಳುತ್ತಿದ್ದದ್ದೂ ಅಲ್ಲಿಯೇ. ಅದಕ್ಕೂ ಮಿಗಿಲಾಗಿ, ವರ್ಷದಲ್ಲಿ ಮೂರು ದಿನಗಳನ್ನು ಕಾನೂನೇ ರಾಜಕೀಯ ಉಪದೇಶಕ್ಕೆಂದು ಎತ್ತಿಟ್ಟಿತ್ತು. 1605ರಲ್ಲಿ ಪಾರ್ಲಿಮೆಂಟ್ ಭವನವನ್ನು ಸಿಡಿಮದ್ದಿನಿಂದ ಉಡಾಯಿಸುವ ಸಂಚು ಬಯಲಾದ ನವೆಂಬರ್ 5 ಕೃತಜ್ಞತೆಯ ದಿನ. 1649ರಲ್ಲಿ ಮೊದಲನೆಯ ಚಾರ್ಲ್ಸ್‌ನ ತಲೆ ಕಡಿದ ಜನವರಿ 30 ಉಪವಾಸದ ದಿನ. 1660ರಲ್ಲಿ ಅವನ ಮಗ ಸಿಂಹಾಸನಕ್ಕೆ ಮರಳಿದ ಮೇ 29 ಹಬ್ಬದ ದಿನ. ಈ ಮೂರೂ ದಿನ ಪಾದ್ರಿಗಳು ಅರಸೊತ್ತಿಗೆ, ವಿಧೇಯತೆ, ಬಂಡಾಯಗಳ ವಿಚಾರವಾಗಿ ಮಾತನಾಡಲೇಬೇಕು. ಕಾಮನ್ಸ್ ಸಭೆಯ ಸದಸ್ಯರು ಪಕ್ಕದ ಸೇಂಟ್ ಮಾರ್ಗರೆಟ್ ಚರ್ಚಿಗೆ ಹೋಗಿ ತಾವೇ ಕರೆಸಿದ ಉಪದೇಶಕನ ಮಾತು ಕೇಳಿ ಬರುತ್ತಿದ್ದರು. ಮರುದಿನ ಅವನಿಗೆ ವಂದನಾ ನಿರ್ಣಯ, ಉಪದೇಶವನ್ನು ಅಚ್ಚು ಹಾಕಿಸಬೇಕೆಂಬ ಕೋರಿಕೆ, ಇವು ವಾಡಿಕೆ.

ತಮಗೆ ಹಿತವಾದ ಮಾತು ಬಂದಾಗ ವಂದನೆ ಸಲ್ಲಿಸುತ್ತಿದ್ದ ಶಾಸಕರು ಹಿತವಲ್ಲದ ಮಾತು ಬಂದಾಗ ಸುಮ್ಮನಿರಲಿಲ್ಲ. 1627ರಲ್ಲಿ ರೋಜರ್ ಮೇನ್‌ವೇರಿಂಗ್ ಎಂಬ ಪಾದ್ರಿ ಮೊದಲನೆಯ ಚಾರ್ಲ್ಸ್‌ನ ಎದುರು ಎರಡು ಉಪದೇಶ ಮಾಡಿದ. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಅರಸ ಪ್ರಜೆಗಳಿಂದ ಬಲವಂತವಾಗಿ ಸಾಲ ಎತ್ತುತ್ತಿದ್ದ ಹೊತ್ತು. ಕೊಡಲೊಲ್ಲದವನು ದೇವರಿಗೆ ಎದುರುಬಿದ್ದಂತೆ ಎಂಬುದು ಉಪದೇಶದ ಸಾರ. ಮರುವರ್ಷ ಪಾರ್ಲಿಮೆಂಟು ಸೇರಿದಾಗ ಜಾನ್ ಪಿಮ್ ಮುಂದಾಳಾಗಿ ಕಾಮನ್ಸ್ ಸಭೆ ಅವನ ಮೇಲೆ ಮಹಾಭಿಯೋಗ ಹೂಡಿತು. ಈ ಕ್ರಮದಲ್ಲಿ ಕಾಮನ್ಸ್ ಸಭೆಯೇ ಫಿರ್ಯಾದಿ, ಲಾರ್ಡ್ಸ್ ಸಭೆಯೇ ನ್ಯಾಯಪೀಠ. 1,000 ಪೌಂಡ್ ದಂಡ, ಸೆರೆ, ಮೂರು ವರ್ಷ ಉಪದೇಶಕ್ಕೆ ತಡೆ, ಪುಸ್ತಕಕ್ಕೆ ಬೆಂಕಿ ಎಂದು ಲಾರ್ಡ್ಸ್ ಸಭೆ ತೀರ್ಪು ಕೊಟ್ಟಿತು. ಅರಸ ಅವನನ್ನು ಕ್ಷಮಿಸಿ, ಒಳ್ಳೆಯ ಆದಾಯದ ಚರ್ಚೊಂದನ್ನು ಕೊಟ್ಟು, ಮುಂದೆ ಸೇಂಟ್ ಡೇವಿಡ್ಸ್‌ನ ಬಿಷಪ್ ಮಾಡಿದ. ಶಿಕ್ಷೆಯೇ ಬಡ್ತಿಯ ಮೆಟ್ಟಿಲಾದ ಈ ಕಥೆ ಎಂಬತ್ತು ವರ್ಷಗಳ ನಂತರ ಬೇರೊಂದು ರೂಪದಲ್ಲಿ ಮರುಕಳಿಸಲಿತ್ತು.

ಒಳಯುದ್ಧದ ವರ್ಷಗಳಲ್ಲಿ ಗಾಳಿ ತಿರುಗಿತು. 1642ರಿಂದ ಪಾರ್ಲಿಮೆಂಟು ತಿಂಗಳಿಗೊಂದು ಉಪವಾಸದ ದಿನ ಗೊತ್ತುಮಾಡಿ, ಅರಸನ ವಿರುದ್ಧದ ಹೋರಾಟಕ್ಕೆ ಹುರುಪು ತುಂಬುವ ಉಪದೇಶಗಳನ್ನು ತಾನೇ ಏರ್ಪಡಿಸಿತು. ಅರಸೊತ್ತಿಗೆ ಮರಳಿ ಬಂದ ಮೇಲೆ ಅಂಥ ಮಾತುಗಳೇ ರಾಜದ್ರೋಹ. 1700ರ ಜನವರಿ 30ರಂದು ವಿಲಿಯಂ ಸ್ಟೀವನ್ಸ್ ಎಂಬ ಪಾದ್ರಿ ಕಾಮನ್ಸ್ ಸದಸ್ಯರೆದುರು, ಸಂತಾಪದ ದಿನದಂದೇ, ಪ್ರಜೆಗಳ ಹಕ್ಕಿನ ಪರವಾಗಿ ಮಾತನಾಡಿದ. ಸಭೆ ಅವನಿಗೆ ವಂದನೆ ಹೇಳಲಿಲ್ಲ. ಡೀನ್ ಪದವಿಗಿಂತ ಕೆಳಗಿನವರನ್ನು, ದೈವಶಾಸ್ತ್ರದಲ್ಲಿ ಡಾಕ್ಟರ್ ಅಲ್ಲದವರನ್ನು ಇನ್ನು ಮುಂದೆ ಕರೆಸಕೂಡದೆಂದು ಗೊತ್ತುಮಾಡಿತು. ಎರಡು ವರ್ಷದ ನಂತರ ಇದಕ್ಕೆ ತದ್ವಿರುದ್ಧವಾದ ಪ್ರಕರಣ. ವಿಲಿಯಂ ಬಿಂಕ್ಸ್ ಎಂಬವನು ಚಾರ್ಲ್ಸ್‌ನ ಮರಣವನ್ನು ಯೇಸುವಿನ ಮರಣದ ಪಕ್ಕದಲ್ಲಿಟ್ಟು ತೂಗಿದಾಗ ಲಾರ್ಡ್ಸ್ ಸಭೆ ಅದನ್ನು ಖಂಡಿಸಿತು. ವಂದನೆ ನಿಲ್ಲಿಸುವುದು, ಖಂಡನೆ, ಮಹಾಭಿಯೋಗ: ಶಾಸಕರ ಬತ್ತಳಿಕೆಯಲ್ಲಿ ಇಷ್ಟು ಬಾಣಗಳಿದ್ದವು. ಕೊನೆಯದನ್ನು ಅವರು ಮತ್ತೊಮ್ಮೆ ಹೂಡಿದ್ದು 1709ರಲ್ಲಿ, ಡಾಕ್ಟರ್ ಹೆನ್ರಿ ಸಶೆವರೆಲ್ ಎಂಬ ಪಾದ್ರಿಯ ಮೇಲೆ.

ಜಗಳದ ಬೇರು 1688ರ ಕ್ರಾಂತಿಯಲ್ಲಿತ್ತು. ಕ್ಯಾಥೊಲಿಕ್ ಅರಸ ಎರಡನೆಯ ಜೇಮ್ಸ್‌ನನ್ನು ಓಡಿಸಿ ಅವನ ಅಳಿಯ ಆರೆಂಜಿನ ವಿಲಿಯಂನನ್ನು ಪಟ್ಟಕ್ಕೆ ತಂದ ಆ ಕ್ರಾಂತಿಯನ್ನು ಬಹುಪಾಲು ಆಂಗ್ಲಿಕನ್ ಪಾದ್ರಿಗಳು ಒಪ್ಪಿಕೊಂಡರು, ಆದರೆ ನುಂಗಲಾರದ ತುತ್ತಿನಂತೆ. ಅರಸ ಎಷ್ಟೇ ಕೆಟ್ಟವನಾದರೂ ಪ್ರಜೆ ಅವನ ವಿರುದ್ಧ ಕೈಯೆತ್ತಕೂಡದು ಎಂದು ಅವರೇ ತಲೆಮಾರುಗಳಿಂದ ಬೋಧಿಸಿದ್ದರು. ಕೈಯೆತ್ತಿ ಗೆದ್ದಾಗಿತ್ತು, ಬೋಧನೆ ಮಾತ್ರ ಪುಸ್ತಕದಲ್ಲಿ ಹಾಗೆಯೇ ಉಳಿದಿತ್ತು. ಇದರ ಜೊತೆಗೆ 1689ರ ಸಹಿಷ್ಣುತೆ ಕಾಯ್ದೆ ಪ್ರೆಸ್ಬಿಟೇರಿಯನ್, ಬ್ಯಾಪ್ಟಿಸ್ಟ್ ಮೊದಲಾದ ಆಂಗ್ಲಿಕನ್ನೇತರ ಪ್ರಾಟೆಸ್ಟೆಂಟರಾದ ಡಿಸೆಂಟರ್‌ಗಳಿಗೆ ತಮ್ಮದೇ ಪ್ರಾರ್ಥನಾಮಂದಿರಗಳಲ್ಲಿ ಸೇರಲು ಅನುಮತಿ ಕೊಟ್ಟಿತು. ಸರ್ಕಾರಿ ಹುದ್ದೆ, ಪುರಸಭೆಯ ಅಧಿಕಾರ ಮಾತ್ರ ಆಂಗ್ಲಿಕನ್ನರಿಗೇ ಮೀಸಲು. ಡಿಸೆಂಟರ್‌ಗಳಲ್ಲಿ ಹಲವರು ವರ್ಷಕ್ಕೊಮ್ಮೆ ಆಂಗ್ಲಿಕನ್ ಚರ್ಚಿನಲ್ಲಿ ಪ್ರಭುಭೋಜನ ಸ್ವೀಕರಿಸಿ ಹುದ್ದೆ ಹಿಡಿದು, ಉಳಿದ ಭಾನುವಾರಗಳಂದು ತಮ್ಮ ಮಂದಿರಕ್ಕೇ ಹೋಗುತ್ತಿದ್ದರು. 1697ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಸರ್ ಹಂಫ್ರಿ ಎಡ್ವಿನ್ ಅಧಿಕಾರದ ಪೂರ್ಣ ವೇಷಭೂಷಣಗಳಲ್ಲೇ ಡಿಸೆಂಟರ್ ಮಂದಿರಕ್ಕೆ ಹೋದದ್ದು ದೊಡ್ಡ ಗುಲ್ಲಾಯಿತು. ಈ ಸಂದಿಯನ್ನು ಮುಚ್ಚಲು ಆಂಗ್ಲಿಕನ್ ಚರ್ಚಿನ ಪರವಾದ ಪಕ್ಷವೆನಿಸಿದ್ದ ಟೋರಿಗಳು 1702, 1703, 1704ರಲ್ಲಿ ಮೂರು ಬಾರಿ ಮಸೂದೆ ತಂದರು. ಮೂರು ಬಾರಿಯೂ ಸೋತರು. ಚರ್ಚು ಅಪಾಯದಲ್ಲಿದೆ ಎಂಬ ಕೂಗು ಆಗ ಪಕ್ಷದ ಘೋಷಣೆಯೇ ಆಯಿತು. ಇದಕ್ಕೆ ಅವರ ಎದುರಾಳಿಗಳೂ ಕ್ರಾಂತಿಯ ಬೆಂಬಲಿಗರೂ ಆದ ವಿಗ್ ಪಕ್ಷದ ಬಹುಮತದ ಉತ್ತರ ವಿಚಿತ್ರವಾಗಿತ್ತು. 1705ರ ಡಿಸೆಂಬರಿನಲ್ಲಿ ಎರಡೂ ಸಭೆಗಳು ಚರ್ಚು ಕ್ಷೇಮವಾಗಿದೆ, ಅಲ್ಲವೆನ್ನುವವನು ರಾಣಿ ಆನ್‌ಗೂ ಚರ್ಚಿಗೂ ರಾಜ್ಯಕ್ಕೂ ಶತ್ರು ಎಂದು ನಿರ್ಣಯ ಮಾಡಿದವು. ಭಯವನ್ನು ಮತದಾನದಿಂದ ತಳ್ಳಿಹಾಕಿದ ಪ್ರಸಂಗ ಇದು.

ಸಶೆವರೆಲ್ ಹುಟ್ಟಿದ್ದು 1674ರಲ್ಲಿ, ವಿಲ್ಟ್‌ಷೈರ್‌ನ ಮಾರ್ಲ್‌ಬರೊ ಪಟ್ಟಣದಲ್ಲಿ, ಪಾದ್ರಿಯ ಮಗನಾಗಿ. ತಂದೆ ಬೇಗ ತೀರಿಕೊಂಡದ್ದರಿಂದ ಔಷಧ ವ್ಯಾಪಾರಿಯೊಬ್ಬ ಅವನನ್ನು ಸಾಕಿ ಓದಿಸಿದ. ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನಲ್ಲಿ ಮುಂದೆ ಪ್ರಬಂಧಕಾರನಾಗಿ ಹೆಸರಾದ ಜೋಸೆಫ್ ಅಡಿಸನ್ ಅವನ ಗೆಳೆಯ. ಎತ್ತರದ ನಿಲುವು, ಗತ್ತಿನ ನಡೆ, ಗುಡುಗುವ ದನಿ. ಪಾಂಡಿತ್ಯದಲ್ಲಿ ಮಾತ್ರ ಸಾಧಾರಣ. 1702ರಲ್ಲಿ ಆಕ್ಸ್‌ಫರ್ಡಿನಲ್ಲಿ ಅವನು ಮಾಡಿದ ಉಪದೇಶ ಡಿಸೆಂಟರ್‌ಗಳ ವಿರುದ್ಧ ಯುದ್ಧಧ್ವಜ ಎತ್ತಬೇಕೆಂದಿತು. ಆ ಬಗೆಯ ಮಾತನ್ನು ಅಣಕಿಸಿ ಡೇನಿಯಲ್ ಡೀಫೊ ಬರೆದ ಕಿರುಹೊತ್ತಗೆಯಲ್ಲಿನ ವ್ಯಂಗ್ಯ ಎಷ್ಟು ಚೆನ್ನಾಗಿ ಮರೆಯಲ್ಲಿತ್ತೆಂದರೆ ಓದಿದ ಹಲವರು ಅದನ್ನು ನಿಜವೆಂದೇ ನಂಬಿದರು. 1703ರ ಜುಲೈಯಲ್ಲಿ ಡೀಫೊ ಮೂರು ದಿನ ಬೀದಿಯ ದಂಡನೆಯ ಮರಕ್ಕೆ ಕೊರಳೊಡ್ಡಿ ನಿಲ್ಲಬೇಕಾಯಿತು. ಅಣಕಿಸಿದವನಿಗೆ ಶಿಕ್ಷೆಯಾಯಿತು, ಅಣಕಕ್ಕೆ ಗುರಿಯಾದವನಿಗೆ ಆಗ ಏನೂ ಆಗಲಿಲ್ಲ. 1709ರಲ್ಲಿ ಸಶೆವರೆಲ್ ಲಂಡನ್ನಿನ ಸದರ್ಕ್‌ನ ಸೇಂಟ್ ಸೇವಿಯರ್ ಚರ್ಚಿಗೆ ಬಂದ. ಅದೇ ಆಗಸ್ಟಿನಲ್ಲಿ ಡರ್ಬಿಯ ನ್ಯಾಯಾಧೀಶರೆದುರು ಒಂದು ಖಾರದ ಉಪದೇಶ ಮಾಡಿ ಕೈ ಪಳಗಿಸಿಕೊಂಡಿದ್ದ.

ನವೆಂಬರ್ 5ರಂದು ಸೇಂಟ್ ಪಾಲ್ ಕೆಥೀಡ್ರಲ್‌ನಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಸರ್ ಸ್ಯಾಮ್ಯುಯೆಲ್ ಗ್ಯಾರಾರ್ಡ್ ಮತ್ತು ನಗರದ ಹಿರಿಯರೆದುರು ಅವನು ಮಾತನಾಡಿದ. ಸಂತ ಪೌಲನ ಪತ್ರಿಕೆಯ ಸುಳ್ಳು ಸಹೋದರರ ಅಪಾಯ ಎಂಬ ಮಾತು ಆಧಾರವಚನ. ಸಿಡಿಮದ್ದಿನ ಸಂಚು ಮಾತ್ರವಲ್ಲ, 1688ರಲ್ಲಿ ವಿಲಿಯಂ ಇಂಗ್ಲೆಂಡಿನ ನೆಲಕ್ಕೆ ಕಾಲಿಟ್ಟದ್ದೂ ಅದೇ ತಾರೀಖು. ಹಾಗಾಗಿ ವಿಗ್‌ಗಳಿಗೆ ಅದು ಕ್ರಾಂತಿಯನ್ನು ಕೊಂಡಾಡುವ ದಿನ. ಸಶೆವರೆಲ್ ಕ್ರಾಂತಿಯನ್ನು ಕೊಂಡಾಡಲಿಲ್ಲ. ಕ್ಯಾಥೊಲಿಕ್ ಸಂಚುಕೋರರನ್ನು ಬೇಗ ಮುಗಿಸಿ, ಅವರಷ್ಟೇ ಅಪಾಯಕಾರಿಗಳೆಂದು ಡಿಸೆಂಟರ್‌ಗಳ ಕಡೆ, ಚರ್ಚಿನೊಳಗೇ ಇದ್ದು ಅವರಿಗೆ ಬಾಗಿಲು ತೆರೆಯುವ ಉದಾರಿ ಬಿಷಪ್ಪರ ಕಡೆ, ಕೊನೆಗೆ ಮಂತ್ರಿಗಳ ಕಡೆ ಹೊರಳಿದ. ಸರ್ವೋಚ್ಚ ಅಧಿಕಾರವನ್ನು ಯಾವ ನೆಪದಲ್ಲೂ ಪ್ರತಿರೋಧಿಸಕೂಡದೆಂದು ಸಾರಿದ. ಬೆನ್ ಜಾನ್ಸನ್ನನ ನಾಟಕದ ಕಪಟಿ ನರಿ ವೊಲ್ಪೋನೆಯ ಹೆಸರನ್ನೂ ಎತ್ತಿದ. ಅದು ಖಜಾನೆಯ ಮುಖ್ಯಸ್ಥ, ಆಗಿನ ಸರ್ಕಾರದ ನಾಯಕ ಸಿಡ್ನಿ ಗೊಡಾಲ್ಫಿನ್‌ನ ಅಡ್ಡಹೆಸರೆಂದು ಕೂತವರಿಗೆಲ್ಲ ಗೊತ್ತು. ಮಾತು ಒಂದೂವರೆ ಗಂಟೆಯಷ್ಟು ನಡೆಯಿತು.

ನಗರದ ಹಿರಿಯರ ಸಭೆ ಇದನ್ನು ಅಚ್ಚು ಹಾಕಿಸಲು ಒಪ್ಪಲಿಲ್ಲ. ಸಶೆವರೆಲ್ ನವೆಂಬರ್ ಕೊನೆಯಲ್ಲಿ ಹೆನ್ರಿ ಕ್ಲೆಮೆಂಟ್ಸ್ ಎಂಬ ಪ್ರಕಾಶಕನ ಮೂಲಕ ತಾನೇ ಪ್ರಕಟಿಸಿ ಮೇಯರ್‌ಗೆ ಅರ್ಪಿಸಿದ. ಮೊದಲ ಮುದ್ರಣದ ಬೆಲೆ ಒಂದು ಶಿಲಿಂಗ್. ಬಳಿಕ ಎರಡು ಪೆನ್ನಿಯ ಅಗ್ಗದ ಪ್ರತಿ ಬಂತು, ಕಳ್ಳ ಮುದ್ರಣಗಳೂ ಬಂದವು. ಒಟ್ಟು 1 ಲಕ್ಷದಷ್ಟು ಪ್ರತಿಗಳು ಹೋದವೆಂದು ಇತಿಹಾಸಕಾರರ ಅಂದಾಜು. ಆ ಕಾಲದ ಇಂಗ್ಲೆಂಡಿಗೆ ಇದು ಕೇಳರಿಯದ ಸಂಖ್ಯೆ. ಜನ ಕೊಂಡು ಓದಲು ಕಾರಣಗಳೂ ಇದ್ದವು. ಫ್ರಾನ್ಸಿನೊಡನೆ ಏಳು ವರ್ಷದಿಂದ ಯುದ್ಧ. ಆ ಸೆಪ್ಟೆಂಬರಿನ ಮಾಲ್‌ಪ್ಲಾಕೆ ಕದನದಲ್ಲಿ ಗೆಲುವೆಂದು ಹೇಳಿಕೊಳ್ಳಲು ನಾಚುವಷ್ಟು ಸಾವು. ಜಮೀನಿನ ಮೇಲೆ ಪೌಂಡಿಗೆ ನಾಲ್ಕು ಶಿಲಿಂಗ್ ತೆರಿಗೆ, ಬೆಳೆ ಕೈಕೊಟ್ಟು ಏರಿದ ರೊಟ್ಟಿಯ ಬೆಲೆ, ಜರ್ಮನಿಯ ಪ್ಯಾಲಟಿನೇಟ್ ಸೀಮೆಯಿಂದ ಬಂದು ಲಂಡನ್ನಿನ ಅಂಚಿನಲ್ಲಿ ಡೇರೆ ಹಾಕಿದ ಸಾವಿರಾರು ಬಡ ಪ್ರಾಟೆಸ್ಟೆಂಟ್ ನಿರಾಶ್ರಿತರು. ಇವೆಲ್ಲಕ್ಕೂ ವಿಗ್ ಸರ್ಕಾರವೇ ಹೊಣೆ ಎಂಬ ಅಸಮಾಧಾನಕ್ಕೆ ಒಂದು ಬಾಯಿ ಬೇಕಿತ್ತು.

ಡಿಸೆಂಬರ್ 13ರಂದು ಜಾನ್ ಡಾಲ್ಬೆನ್ ಎಂಬ ವಿಗ್ ಸದಸ್ಯ ಡರ್ಬಿ ಮತ್ತು ಸೇಂಟ್ ಪಾಲ್ ಉಪದೇಶಗಳೆರಡನ್ನೂ ಕಾಮನ್ಸ್ ಸಭೆಯ ಮುಂದಿಟ್ಟ. ದೂರು ತಂದ ಈತನೇ ಆರ್ಚ್‌ಬಿಷಪ್ ಒಬ್ಬರ ಮಗ. ಸಭೆ ಎರಡನ್ನೂ ದುರುದ್ದೇಶದ, ಅಪವಾದದ, ರಾಜದ್ರೋಹದ ಬರಹಗಳೆಂದು ಘೋಷಿಸಿತು. ಮರುದಿನ ಸಶೆವರೆಲ್ ಸಭೆಯ ಮುಂದೆ ನಿಂತು ಬರೆದದ್ದು ತಾನೇ ಎಂದು ಒಪ್ಪಿದ, ಮೇಯರ್ ತನ್ನನ್ನು ಪ್ರೋತ್ಸಾಹಿಸಿದನೆಂದೂ ಹೇಳಿದ. ಸ್ವತಃ ಕಾಮನ್ಸ್ ಸದಸ್ಯನಾಗಿದ್ದ ಮೇಯರ್ ಅದನ್ನು ಅಲ್ಲಗಳೆದ. ಮಹಾಭಿಯೋಗ ಹೂಡುವುದೆಂದು ತೀರ್ಮಾನವಾಯಿತು. ಅದೇ ದಿನ ಅದೇ ಸಭೆ ಇನ್ನೊಂದು ನಿರ್ಣಯವನ್ನೂ ಮಾಡಿತು. ಪ್ರತಿರೋಧದ ಹಕ್ಕನ್ನು ಎತ್ತಿಹಿಡಿದು ಉಪದೇಶ ಮಾಡಿ ಹೆಸರಾಗಿದ್ದ ಬೆಂಜಮಿನ್ ಹೋಡ್ಲಿ ಎಂಬ ವಿಗ್ ಪಾದ್ರಿಯನ್ನು ಹೊಗಳಿ, ಅವನಿಗೆ ದೊಡ್ಡ ಹುದ್ದೆ ಕೊಡಬೇಕೆಂದು ರಾಣಿಯನ್ನು ಕೋರುವ ನಿರ್ಣಯ. ಉಪದೇಶಪೀಠದಲ್ಲಿ ರಾಜಕೀಯ ಕೂಡದೆಂಬುದು ಸಭೆಯ ನಿಲುವಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವಿಗ್ ನಾಯಕರಲ್ಲೇ ಈ ಬಗ್ಗೆ ಒಮ್ಮತವಿರಲಿಲ್ಲ. ನ್ಯಾಯಶಾಸ್ತ್ರ ಬಲ್ಲ ಲಾರ್ಡ್ ಸಾಮರ್ಸ್‌ಗೆ ಇದು ಹಿಡಿಸಲಿಲ್ಲ. ತಾನು ಇದಕ್ಕೆ ವಿರೋಧವಾಗಿದ್ದೆನೆಂದು ಆತ ಆಮೇಲೆ ಜೊನಾಥನ್ ಸ್ವಿಫ್ಟ್‌ಗೆ ಹೇಳಿದ. ಸಾಧಾರಣ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದ್ದರೆ ವಿಷಯ ಸದ್ದಿಲ್ಲದೆ ಮುಗಿದೀತು. ಆದರೆ ವೊಲ್ಪೋನೆ ಎಂಬ ಚುಚ್ಚು ಗೊಡಾಲ್ಫಿನ್‌ಗೆ ನಾಟಿತ್ತು. ಉಳಿದವರಿಗೆ ಬೇರೆಯೇ ಲೆಕ್ಕ: 1688ರ ಕ್ರಾಂತಿ ನ್ಯಾಯಬದ್ಧವೆಂದು ಇಡೀ ದೇಶ ಕೇಳುವಂತೆ ಪಾರ್ಲಿಮೆಂಟಿನ ಬಾಯಿಂದಲೇ ಸಾರಿಸಲು ಇದೊಂದು ಅವಕಾಶ. ಒಬ್ಬ ಸಾಧಾರಣ ಪಾದ್ರಿಗೆ ದೇಶದ ಅತಿ ಎತ್ತರದ ವೇದಿಕೆಯನ್ನು ಕಟ್ಟಿಕೊಡುತ್ತಿದ್ದೇವೆಂಬುದು ಅವರಿಗೆ ಹೊಳೆಯಲಿಲ್ಲ.

1710ರ ಜನವರಿಯಲ್ಲಿ ನಾಲ್ಕು ಆರೋಪಗಳು ಲಾರ್ಡ್ಸ್ ಸಭೆಗೆ ಹೋದವು. ಕ್ರಾಂತಿಗೆ ಬಳಸಿದ ಮಾರ್ಗ ಅಸಹ್ಯ, ಸಮರ್ಥನೆಗೆ ಅನರ್ಹ ಎಂದದ್ದು ಮೊದಲನೆಯದು. ಡಿಸೆಂಟರ್‌ಗಳಿಗೆ ಕೊಟ್ಟ ಸಹಿಷ್ಣುತೆಯನ್ನು ಹಳಿದದ್ದು, ರಾಣಿಯ ಆಡಳಿತದಲ್ಲಿ ಚರ್ಚು ಅಪಾಯದಲ್ಲಿದೆ ಎಂದದ್ದು, ಅಧಿಕಾರಸ್ಥರು ರಾಜ್ಯವ್ಯವಸ್ಥೆಯನ್ನೇ ಕೆಡವುತ್ತಿದ್ದಾರೆ ಎಂದದ್ದು ಉಳಿದ ಮೂರು. ಕಾಮನ್ಸ್ ಸಭೆ ತಾನು ಸಾಮೂಹಿಕವಾಗಿ ಹಾಜರಿರುವುದಾಗಿ ಪಟ್ಟುಹಿಡಿದದ್ದರಿಂದ ವಿಚಾರಣೆಯನ್ನು ವೆಸ್ಟ್‌ಮಿನ್‌ಸ್ಟರ್ ಹಾಲ್‌ಗೆ ಸಾಗಿಸಬೇಕಾಯಿತು. ಸುಮಾರು ಎರಡು ಸಾವಿರ ಜನ ಕೂರುವಂತೆ ಅಟ್ಟಣಿಗೆ ಕಟ್ಟಿಸುವ ಕೆಲಸ ಎಪ್ಪತ್ತೇಳರ ವಯಸ್ಸಿನ ಸರ್ ಕ್ರಿಸ್ಟೋಫರ್ ರೆನ್‌ನ ಪಾಲಿಗೆ ಬಂತು. ಉಪದೇಶ ನಡೆದ ಸೇಂಟ್ ಪಾಲ್ ಕೆಥೀಡ್ರಲ್ ಕಟ್ಟಿದವನೂ ಅವನೇ. ವಾರಗಟ್ಟಲೆ ನಡೆದ ಈ ಬಡಗಿ ಕೆಲಸವೇ ಲಂಡನ್ನಿನ ಕುತೂಹಲವನ್ನು ಕುದಿಬಿಂದುವಿಗೆ ತಂದಿತು. ಟಿಕೆಟ್ಟಿಗಾಗಿ ಪ್ರಭುಗಳ ಮನೆಬಾಗಿಲಲ್ಲಿ ನೂಕುನುಗ್ಗಲು. ಜಾಗ ಹಿಡಿಯಲು ಶ್ರೀಮಂತ ಹೆಂಗಸರು ಬೆಳಗಿನ ಜಾವಕ್ಕೇ ಏಳುತ್ತಿದ್ದರು.

ಫೆಬ್ರವರಿ 27ರಂದು ವಿಚಾರಣೆ ಶುರುವಾಯಿತು. ಟೆಂಪಲ್ ಬಳಿಯ ಬಿಡಾರದಿಂದ ಸಶೆವರೆಲ್ ಗಾಜಿನ ಕಿಟಕಿಯ ಸಾರೋಟಿನಲ್ಲಿ ದಿನವೂ ಮೆರವಣಿಗೆಯಂತೆ ಬರುತ್ತಿದ್ದ, ಜನ ಅವನ ಕೈ ಮುಟ್ಟಲು ಮುಗಿಬೀಳುತ್ತಿದ್ದರು. ರಾಣಿ ಆನ್ ಮರೆಯ ಆಸನದಿಂದ ಕಲಾಪ ನೋಡಲು ಬಂದಾಗ ಅವಳ ಪಲ್ಲಕ್ಕಿಯನ್ನು ಸುತ್ತುಗಟ್ಟಿದ ಗುಂಪು, ರಾಣಿಯೂ ಡಾಕ್ಟರ್ ಪರವೆಂದು ನಂಬಿದ್ದೇವೆ ಎಂದು ಕೂಗಿತು. ರಾಣಿಯ ಅಭಿಪ್ರಾಯ ಬೇರೆಯೇ ಇತ್ತು. ಅದು ಕೆಟ್ಟ ಉಪದೇಶ, ಅವನಿಗೆ ಶಿಕ್ಷೆಯಾಗಬೇಕಾದ್ದೇ ಎಂದು ಅವಳು ಹೇಳಿದ್ದಳು.

ಕಾಮನ್ಸ್ ಪರವಾಗಿ ವಾದಿಸಿದವರಲ್ಲಿ ನಿಕೊಲಸ್ ಲೆಚ್‌ಮಿಯರ್, ಸರ್ ಜೋಸೆಫ್ ಜೆಕಿಲ್, ಜನರಲ್ ಜೇಮ್ಸ್ ಸ್ಟ್ಯಾನ್‌ಹೋಪ್, ಮೂವತ್ತಮೂರರ ರಾಬರ್ಟ್ ವಾಲ್‌ಪೋಲ್ ಇದ್ದರು. ಅವರ ಮುಂದಿದ್ದ ಕೆಲಸ ನಾಜೂಕಿನದು. ಸಿಂಹಾಸನದ ಮೇಲೆ ರಾಣಿ ಇರುವಾಗ, ಅವಳು ಕೇಳುತ್ತಿರುವಾಗ, ಅರಸನನ್ನು ಪ್ರತಿರೋಧಿಸುವುದು ಕೆಲವೊಮ್ಮೆ ಸರಿ ಎಂದು ವಾದಿಸಬೇಕು. ಆದರೆ ಅದು ನಾಳೆಯೇ ಯಾರಿಗಾದರೂ ಸಿಗುವ ಪರವಾನಗಿಯಂತೆ ಕೇಳಿಸಬಾರದು. ರಾಜ್ಯವೆಂಬುದು ಅರಸನಿಗೂ ಪ್ರಜೆಗೂ ನಡುವಿನ ಒಪ್ಪಂದ, ಅರಸ ಅದನ್ನು ಮುರಿದರೆ ಪ್ರಜೆಗೆ ತನ್ನ ವ್ಯವಸ್ಥೆಯನ್ನು ಕಾಪಾಡಿಕೊಳ್ಳುವ ಹಕ್ಕಿದೆ ಎಂದು ಲೆಚ್‌ಮಿಯರ್ ಮಂಡಿಸಿದ. ವಾಲ್‌ಪೋಲ್ ಹೆಚ್ಚು ಎಚ್ಚರದಿಂದ, ಪ್ರತಿರೋಧವನ್ನು ಯಾವ ಕಾನೂನೂ ಹೇಳಿಕೊಡುವುದಿಲ್ಲ, ಹೇಳಿಕೊಡಲೂ ಬಾರದು; ಅಪ್ಪಟ ಅನಿವಾರ್ಯತೆಯಲ್ಲಿ ಮಾತ್ರ ಅದಕ್ಕೆ ಕ್ಷಮೆ ಉಂಟು ಎಂದ.

ಪ್ರತಿವಾದದ ಸರ್ ಸೈಮನ್ ಹಾರ್‌ಕೋರ್ಟ್ ಇದಕ್ಕೆ ಕೊಟ್ಟ ಉತ್ತರ ಜಾಣತನದ್ದು. ಸಾಮಾನ್ಯ ನಿಯಮವನ್ನು ಹೇಳುವವನು ಅದರ ಅಪವಾದಗಳನ್ನೆಲ್ಲ ಪಟ್ಟಿಮಾಡುವ ಕಟ್ಟುಪಾಡಿಲ್ಲ; ಕಳ್ಳತನ ಪಾಪವೆಂದು ಬೋಧಿಸುವ ಪಾದ್ರಿ ಹಸಿವಿನಿಂದ ಸಾಯುತ್ತಿರುವವನ ವಿಷಯ ಬಿಟ್ಟನೆಂದು ಯಾರೂ ದೂರುವುದಿಲ್ಲ ಎಂಬ ಧಾಟಿಯ ವಾದ. ಸರ್ವೋಚ್ಚ ಅಧಿಕಾರವೆಂದರೆ ಅರಸನೊಬ್ಬನೇ ಅಲ್ಲ, ಪಾರ್ಲಿಮೆಂಟ್ ಸಮೇತನಾದ ಅರಸ. 1688ರಲ್ಲಿ ಆ ಅಧಿಕಾರವನ್ನು ಯಾರೂ ಎದುರಿಸಲಿಲ್ಲವಾದ್ದರಿಂದ ಉಪದೇಶ ಕ್ರಾಂತಿಗೆ ಅನ್ವಯಿಸುವುದೇ ಇಲ್ಲ ಎಂದೂ ಆತ ಹೇಳಿದ. ಆ ಹೊತ್ತಿಗೆ ಹಾರ್‌ಕೋರ್ಟ್ ಕಾಮನ್ಸ್ ಸಭೆಗೆ ಆಯ್ಕೆಯಾಗಿಬಿಟ್ಟದ್ದರಿಂದ ವಾದವನ್ನು ಕಾನ್‌ಸ್ಟಂಟೈನ್ ಫಿಪ್ಸ್ ಮತ್ತಿತರರಿಗೆ ಬಿಟ್ಟು ಹಿಂದೆ ಸರಿಯಬೇಕಾಯಿತು. ಅವರು ಹಿಂದಿನ ತಲೆಮಾರಿನ ಬಿಷಪ್ಪರ ಬರಹಗಳಿಂದ, ಎದುರಿಗೇ ಕೂತಿದ್ದ ಕೆಲವು ವಿಗ್ ಬಿಷಪ್ಪರ ಹಳೆಯ ಮಾತುಗಳಿಂದಲೂ ಇದೇ ಸಿದ್ಧಾಂತವನ್ನು ಹೆಕ್ಕಿ ಓದಿದರು. ಚರ್ಚು ನಿಜಕ್ಕೂ ಅಪಾಯದಲ್ಲಿದೆ ಎಂದು ತೋರಿಸಲು ಆ ಕಾಲದ ನಾಸ್ತಿಕ, ದೈವನಿಂದಕ ಪುಸ್ತಕಗಳ ಭಾಗಗಳನ್ನೂ ದೀರ್ಘವಾಗಿ ಓದಿ ಹಾಕಿದರು. ಮಾರ್ಚ್ 7ರಂದು ಸಶೆವರೆಲ್ ತಾನೇ ಎದ್ದು ಮಾಡಿದ ಭಾಷಣ ಅವನ ಹಿಂದಿನ ಮಾತುಗಳಂತಿರದೆ ಹದವಾಗಿ, ಕರುಣಾಜನಕವಾಗಿತ್ತು. ಅಟ್ಟಣಿಗೆಯ ಹೆಂಗಸರು ಅತ್ತರು. ಅದನ್ನು ಬರೆದುಕೊಟ್ಟದ್ದು ಟೋರಿ ಪಾದ್ರಿ ಫ್ರಾನ್ಸಿಸ್ ಆಟರ್‌ಬರಿ ಎಂದು ಆಗಲೇ ಎಲ್ಲರೂ ನಂಬಿದ್ದರು.

ಅಷ್ಟರಲ್ಲಿ ಬೀದಿ ತನ್ನ ತೀರ್ಪನ್ನು ಕೊಟ್ಟಾಗಿತ್ತು. ಮಾರ್ಚ್ 1ರ ಸಂಜೆ, ಮೂರನೆಯ ದಿನದ ಕಲಾಪ ಮುಗಿದ ಮೇಲೆ, ಗುಂಪೊಂದು ಲಿಂಕನ್ಸ್ ಇನ್ ಬಯಲಿನ ಪಕ್ಕದಲ್ಲಿದ್ದ ಡೇನಿಯಲ್ ಬರ್ಜೆಸ್ ಎಂಬ ಪ್ರೆಸ್ಬಿಟೇರಿಯನ್ ಬೋಧಕನ ಮಂದಿರಕ್ಕೆ ನುಗ್ಗಿತು. ಉಪದೇಶಪೀಠ, ಬೆಂಚು, ಹಲಗೆ, ದಿಂಬು ಎಲ್ಲವನ್ನೂ ಕಿತ್ತು ಬಯಲಿಗೆ ಹೊತ್ತು ತಂದು ಸುಟ್ಟರು. ಮಂದಿರಕ್ಕೇ ಬೆಂಕಿಯಿಟ್ಟರೆ ನೆರೆಮನೆಗಳಿಗೂ ಹತ್ತೀತೆಂಬ ಎಚ್ಚರ ಆ ಗದ್ದಲದಲ್ಲೂ ಅವರಿಗಿತ್ತು. ಲಾಂಗ್ ಏಕರ್, ಫೆಟರ್ ಲೇನ್, ಲೆದರ್ ಲೇನ್, ಬ್ಲ್ಯಾಕ್‌ಫ್ರೈಯರ್ಸ್, ಕ್ಲರ್ಕನ್‌ವೆಲ್: ರಾತ್ರಿ ಕಳೆಯುವುದರೊಳಗೆ ಆರು ಮಂದಿರಗಳು ಬರಿದಾದವು. ವಿಗ್ ಹಣವಂತರ ಕೋಟೆಯೆನಿಸಿದ್ದ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೇಲೂ ಕಣ್ಣುಬಿತ್ತೆಂಬ ಸುದ್ದಿ ಹಬ್ಬಿತು. ಕೈಯಲ್ಲಿ ಬೇರೆ ಸೈನ್ಯವಿಲ್ಲದೆ ಮಂತ್ರಿ ಸಂಡರ್‌ಲ್ಯಾಂಡ್ ಅರಮನೆಗೆ ಓಡಿದಾಗ ರಾಣಿ ತನ್ನ ಸ್ವಂತ ಕಾವಲು ಪಡೆಯನ್ನೇ ಕಳಿಸಿದಳು. ಆ ಪಡೆಯ ಕ್ಯಾಪ್ಟನ್ ಹಾರ್ಸಿ, ಗುಂಪಿಗೆ ಉಪದೇಶ ಮಾಡಬೇಕೋ ಅವರೊಡನೆ ಹೊಡೆದಾಡಬೇಕೋ, ಉಪದೇಶವಾದರೆ ಅದು ತನ್ನ ಕಸುಬಲ್ಲ ಎಂದನಂತೆ. ಕುದುರೆ ಪಡೆ ಕತ್ತಿಯ ಚಪ್ಪಟೆ ಬದಿಯಿಂದ ಬಡಿದು ಗುಂಪನ್ನು ಚದುರಿಸಿತು. ರಾಣಿಯ ದೋಣಿಗಾರರಲ್ಲೊಬ್ಬನಾದ ಡೇನಿಯಲ್ ಡ್ಯಾಮರಿ ಸಿಕ್ಕಿಬಿದ್ದವರಲ್ಲಿದ್ದ. ಒಂದು ಮಂದಿರವನ್ನು ಕೆಡವಿದರೆ ಗಲಭೆ, ಎಲ್ಲ ಮಂದಿರಗಳನ್ನೂ ಕೆಡವುವ ಉದ್ದೇಶವಿದ್ದರೆ ರಾಣಿಯ ವಿರುದ್ಧ ಯುದ್ಧ ಎಂದು ನ್ಯಾಯಾಲಯ ತೀರ್ಮಾನಿಸಿ ಅವನಿಗೆ ರಾಜದ್ರೋಹದ ಮರಣದಂಡನೆ ವಿಧಿಸಿತು. ಅವನಿಗೆ ಆಮೇಲೆ ಕ್ಷಮಾದಾನ ದೊರೆಯಿತು.

ಲಾರ್ಡ್ಸ್ ಸಭೆಯಲ್ಲಿ ಎದ್ದ ಒಂದು ತಾಂತ್ರಿಕ ಪ್ರಶ್ನೆ ಇಡೀ ಪ್ರಕರಣದ ಗಂಟನ್ನು ತೋರಿಸುತ್ತದೆ. ಆರೋಪಪತ್ರದಲ್ಲಿ ಅಪರಾಧವೆನ್ನುವ ಮಾತುಗಳನ್ನು ಅಕ್ಷರಶಃ ನಮೂದಿಸಬೇಕಲ್ಲವೇ ಎಂದು ಟೋರಿ ಪ್ರಭುಗಳು ಕೇಳಿದರು. ಸಲಹೆ ಕೇಳಿದಾಗ ನ್ಯಾಯಾಧೀಶರು ಸಾಮಾನ್ಯ ಕಾನೂನಿನಂತೆ ಹೌದು ಎಂದರು. ಆದರೆ ಸಶೆವರೆಲ್‌ನ ಉಪದೇಶದಲ್ಲಿ ಅಪರಾಧ ಇದ್ದದ್ದು ಒಂದು ವಾಕ್ಯದಲ್ಲಲ್ಲ, ಸೂಚನೆಯಲ್ಲಿ, ಕಣ್ಸನ್ನೆಯಲ್ಲಿ, ದೇವರ ವಾಕ್ಯದ ಮರೆಯಲ್ಲಿ. ಪಾರ್ಲಿಮೆಂಟಿನ ಪದ್ಧತಿಯಲ್ಲಿ ಅಕ್ಷರಶಃ ನಮೂದು ಬೇಕಿಲ್ಲವೆಂದು ಬಹುಮತ ತೀರ್ಮಾನಿಸಿತು. ಮಾರ್ಚ್ 16ರಿಂದ ಆರೋಪಗಳ ಮೇಲೆ ಚರ್ಚೆ ನಡೆದು, 20ರಂದು 69 ಮಂದಿ ತಪ್ಪಿತಸ್ಥನೆಂದೂ 52 ಮಂದಿ ಅಲ್ಲವೆಂದೂ ಮತ ಹಾಕಿದರು.

ಶಿಕ್ಷೆಯ ವಿಷಯ ಬಂದಾಗ ಬಹುಮತದ ಧೈರ್ಯ ಕರಗಿತ್ತು. ಬೀದಿಯ ಸದ್ದು ಕೇಳಿದ್ದ ಕೆಲವರು, ರಾಣಿಗೆ ಹಗುರ ಶಿಕ್ಷೆಯೇ ಇಷ್ಟವೆಂದು ತಿಳಿದ ಇನ್ನು ಕೆಲವರು ಸಡಿಲಗೊಂಡರು. ಮಾರ್ಚ್ 23ರ ತೀರ್ಪಿನಂತೆ ಮೂರು ವರ್ಷ ಉಪದೇಶಕ್ಕೆ ತಡೆ. ಎರಡೂ ಉಪದೇಶಗಳನ್ನು ರಾಯಲ್ ಎಕ್ಸ್‌ಚೇಂಜ್ ಮುಂದೆ ಗಲ್ಲಿಗೇರಿಸುವವನ ಕೈಯಿಂದ ಸುಡಿಸುವುದು. ಸೆರೆಯಿಲ್ಲ, ದಂಡವಿಲ್ಲ. ಆ ಮೂರು ವರ್ಷ ಅವನಿಗೆ ಹೊಸ ಹುದ್ದೆ ಸಿಗಕೂಡದೆಂಬ ಸೂಚನೆ ಒಂದೇ ಮತದಿಂದ ಬಿದ್ದುಹೋಯಿತು. ಅರಸನಿಗೆ ಪ್ರತಿರೋಧವೇ ಕೂಡದೆಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 1683ರಲ್ಲಿ ಹೊರಡಿಸಿದ್ದ ಘೋಷಣೆಯನ್ನೂ ಸುಡಲು ಆಜ್ಞೆಯಾಯಿತು. ಮೇನ್‌ವೇರಿಂಗ್‌ನ ತೀರ್ಪಿನ ಪಕ್ಕದಲ್ಲಿಟ್ಟರೆ ಇದು ಬೆನ್ನು ತಟ್ಟಿದಂತಿತ್ತು. ಟೋರಿಗಳು ಗೆಲುವೆಂದೇ ದೀಪ ಹಚ್ಚಿದರು.

ಮುಂದಿನ ತಿಂಗಳುಗಳು ಅದನ್ನು ನಿಜಮಾಡಿದವು. ಹಳೆಯ ಶಿಷ್ಯನೊಬ್ಬ ಷ್ರಾಪ್‌ಷೈರ್‌ನ ಸೆಲಾಟಿನ್ ಎಂಬ ಹಳ್ಳಿಯ ಚರ್ಚನ್ನು ಸಶೆವರೆಲ್‌ಗೆ ಕೊಟ್ಟ. ಆ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ಬಂದ ಪ್ರಯಾಣ ದಿಗ್ವಿಜಯದಂತಾಯಿತು. ಬ್ಯಾನ್‌ಬರಿ, ವಾರಿಕ್, ಷ್ರೂಸ್‌ಬರಿ, ಲಡ್ಲೊಗಳಲ್ಲಿ ಗಂಟೆ, ಹೂಮಾಲೆ, ಸಾವಿರಾರು ಸವಾರರ ಸ್ವಾಗತ. ವೂಸ್ಟರ್‌ನ ಬಿಷಪ್ ಮಾತ್ರ ತನ್ನ ಚರ್ಚುಗಳ ಗಂಟೆ ಬಾರಿಸಬಾರದೆಂದು ತಡೆದ. ಬೀಸಣಿಗೆಗಳ ಮೇಲೆ, ಇಸ್ಪೀಟು ಎಲೆಗಳ ಮೇಲೆ ಅವನ ಚಿತ್ರ ಬಂತು. ಬಾಯಿ ಕಟ್ಟಿಸಿಕೊಂಡವನು ಬಾಯಿ ತೆರೆಯದೆಯೇ ಊರೂರಿನಲ್ಲಿ ಪ್ರಚಾರ ಮಾಡಿದ. ರಾಣಿ ಜೂನ್‌ನಲ್ಲಿ ಸಂಡರ್‌ಲ್ಯಾಂಡ್‌ನನ್ನೂ ಆಗಸ್ಟ್ 8ರಂದು ಗೊಡಾಲ್ಫಿನ್‌ನನ್ನೂ ತೆಗೆದುಹಾಕಿದಳು. ಯುದ್ಧದ ಬೇಸರ, ಹಳೆಯ ಗೆಳತಿ ಮಾರ್ಲ್‌ಬರೊ ಡಚೆಸ್ ಜೊತೆ ರಾಣಿಯ ಮನಸ್ತಾಪ, ಟೋರಿಗಳ ಮುಂದಾಳು ರಾಬರ್ಟ್ ಹಾರ್ಲಿಯ ತಂತ್ರ ಇವೆಲ್ಲ ಅದಕ್ಕೆ ಕಾರಣ. ಸಶೆವರೆಲ್ ಒಬ್ಬನೇ ಸರ್ಕಾರ ಉರುಳಿಸಿದನೆಂಬುದು ಅತಿಶಯದ ಮಾತು. ಆದರೆ ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟು ವಿಸರ್ಜನೆಯಾಗಿ ನಡೆದ ಚುನಾವಣೆಯಲ್ಲಿ ಮಹಾಭಿಯೋಗಕ್ಕೆ ಮತ ಹಾಕಿದವರ ಹೆಸರುಗಳು ಕ್ಷೇತ್ರದಿಂದ ಕ್ಷೇತ್ರಕ್ಕೆ ತಿರುಗಿದವು, ಟೋರಿಗಳು ಭಾರಿ ಬಹುಮತದಿಂದ ಗೆದ್ದರು. ದೂರು ತಂದ ಡಾಲ್ಬೆನ್ ಅದನ್ನು ನೋಡಲಿಲ್ಲ. ಮೇ ತಿಂಗಳಲ್ಲೇ ತೀರಿಕೊಂಡಿದ್ದ. ಫಿಪ್ಸ್ ಐರ್ಲೆಂಡಿನ ಲಾರ್ಡ್ ಚಾನ್ಸಲರ್ ಆದ. ಮೂರು ಬಾರಿ ಸೋತಿದ್ದ ಮಸೂದೆ 1711ರಲ್ಲಿ ಕಾಯ್ದೆಯಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಐವತ್ತು ಹೊಸ ಚರ್ಚು ಕಟ್ಟಲು ಪಾರ್ಲಿಮೆಂಟು ಹಣ ಮಂಜೂರು ಮಾಡಿತು.

ತಡೆಯ ಅವಧಿ ಮುಗಿದ ಕೂಡಲೇ, 1713ರ ಮಾರ್ಚ್ 29ರಂದು, ಸಶೆವರೆಲ್ ಸದರ್ಕ್‌ನಲ್ಲಿ ಮತ್ತೆ ಪೀಠವೇರಿದ. ಮೇ 29ರಂದು ಕಾಮನ್ಸ್ ಸಭೆ ಅವನನ್ನು ಸೇಂಟ್ ಮಾರ್ಗರೆಟ್ ಚರ್ಚಿಗೆ ತನ್ನ ಉಪದೇಶಕನಾಗಿ ಕರೆಸಿಕೊಂಡಿತು. ರಾಣಿ ಹೋಬರ್ನ್‌ನ ಸೇಂಟ್ ಆಂಡ್ರೂ ಎಂಬ ಸಿರಿವಂತ ಚರ್ಚನ್ನು ಕೊಟ್ಟಳು. ಮೇನ್‌ವೇರಿಂಗ್‌ನಂತೆ ಬಿಷಪ್ ಪಟ್ಟ ಮಾತ್ರ ಬರಲಿಲ್ಲ. 1714ರಲ್ಲಿ ಹ್ಯಾನೋವರ್ ಅರಸ ಬಂದು ವಿಗ್‌ಗಳು ಅಧಿಕಾರಕ್ಕೆ ಮರಳಿದ ಮೇಲೆ ಅವನ ಹೆಸರು ಮಸುಕಾಯಿತು. 1724ರ ಜೂನ್ 5ರಂದು ಸತ್ತು ಹೋಬರ್ನ್‌ನ ತನ್ನ ಚರ್ಚಿನಲ್ಲೇ ಸಮಾಧಿಯಾದ.

ವಿಗ್‌ಗಳು ಪಾಠ ಕಲಿತಿದ್ದರು. ಹೋಡ್ಲಿ ಬ್ಯಾಂಗರ್‌ನ ಬಿಷಪ್ ಆಗಿ 1717ರ ಮಾರ್ಚ್ 31ರಂದು ಅರಸ ಮೊದಲನೆಯ ಜಾರ್ಜ್‌ನ ಮುಂದೆ, ಕ್ರಿಸ್ತನ ರಾಜ್ಯ ಈ ಲೋಕದ್ದಲ್ಲವೆಂಬ ವಚನ ಹಿಡಿದು, ಚರ್ಚಿನ ಅಧಿಕಾರಕ್ಕೆ ಬುಡವೇ ಇಲ್ಲವೆಂಬರ್ಥದ ಉಪದೇಶ ಮಾಡಿದ. ಪಾದ್ರಿಗಳ ಸಭೆಯಾದ ಕಾನ್ವೊಕೇಶನ್ ಅವನನ್ನು ಖಂಡಿಸಲು ಸಿದ್ಧವಾದಾಗ ಸರ್ಕಾರ ವಿಚಾರಣೆ, ಭಾಷಣಗಳ ಗೋಜಿಗೆ ಹೋಗದೆ ಕಾನ್ವೊಕೇಶನ್ನನ್ನೇ ಮುಂದೂಡಿತು. 1850ರ ದಶಕದವರೆಗೆ ಅದು ನೆಪಮಾತ್ರಕ್ಕೆ ಸೇರಿ ಚದುರುತ್ತಿತ್ತು. ಎರಡು ದಶಕ ಆಳಿದ ವಾಲ್‌ಪೋಲ್ ಪಾದ್ರಿಗಳನ್ನು ಕೆಣಕುವ ಗೊಡವೆಗೆ ಹೋಗಲಿಲ್ಲ. ಡಿಸೆಂಟರ್‌ಗಳು ತನ್ನವರೇ ಆದರೂ ಅವರ ಮೇಲಿನ ಹುದ್ದೆಯ ನಿರ್ಬಂಧ ತೆಗೆಯುವ ಸೂಚನೆಯನ್ನು 1736ರಲ್ಲಿ ವಿರೋಧಿಸಿದ. ಉಪದೇಶವೊಂದಕ್ಕಾಗಿ ಪಾರ್ಲಿಮೆಂಟು ಮತ್ತೆಂದೂ ಮಹಾಭಿಯೋಗ ಹೂಡಲಿಲ್ಲ. ಸಶೆವರೆಲ್ ವಿರುದ್ಧ ವಾದಿಸಿ ಆ ಬೆನ್ನಿಗೇ ಮುಖ್ಯ ನ್ಯಾಯಾಧೀಶನಾಗಿ, ಮುಂದೆ ಲಾರ್ಡ್ ಚಾನ್ಸಲರ್ ಪಟ್ಟಕ್ಕೇರಿದ ಥಾಮಸ್ ಪಾರ್ಕರ್ 1725ರಲ್ಲಿ ಲಂಚದ ಆರೋಪದ ಮೇಲೆ ತಾನೇ ಅದಕ್ಕೆ ಗುರಿಯಾದ.

ವಿಚಾರಣೆಯ ಭಾಷಣಗಳು ಮಾತ್ರ ಬದುಕಿ ಉಳಿದವು. 1789ರ ನವೆಂಬರ್ 4ರಂದು ಲಂಡನ್ನಿನ ಓಲ್ಡ್ ಜ್ಯೂರಿ ಮಂದಿರದಲ್ಲಿ ಡಿಸೆಂಟರ್ ಬೋಧಕ ರಿಚರ್ಡ್ ಪ್ರೈಸ್, ಪ್ರಜೆಗಳಿಗೆ ತಮ್ಮ ಅರಸರನ್ನು ಆರಿಸುವ, ಕಿತ್ತುಹಾಕುವ ಹಕ್ಕನ್ನು 1688 ಕೊಟ್ಟಿದೆಯೆಂದು ಉಪದೇಶಿಸಿ ಫ್ರಾನ್ಸಿನ ಕ್ರಾಂತಿಯನ್ನು ಸ್ವಾಗತಿಸಿದ. ಕಾಮನ್ಸ್ ಸದಸ್ಯ ಎಡ್ಮಂಡ್ ಬರ್ಕ್ ಉತ್ತರವಾಗಿ ಬರೆದ ಪುಸ್ತಕ 1790ರಲ್ಲಿ ಬಂತು. ಆತ ಆಗ ಅದೇ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಬಂಗಾಳದ ಮಾಜಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮೇಲಿನ ಮಹಾಭಿಯೋಗ ನಡೆಸುತ್ತಿದ್ದ. ಮರುವರ್ಷ ಸ್ವಂತ ಪಕ್ಷದವರೇ ತಿರುಗಿಬಿದ್ದಾಗ, ಹಳೆಯ ವಿಗ್‌ಗಳು ನಿಜಕ್ಕೂ ಹೇಳಿದ್ದೇನು ಎಂದು ತೋರಿಸಲು ಸಶೆವರೆಲ್ ವಿಚಾರಣೆಯಲ್ಲಿ ಲೆಚ್‌ಮಿಯರ್, ಜೆಕಿಲ್, ವಾಲ್‌ಪೋಲ್ ಆಡಿದ್ದ ಮಾತುಗಳನ್ನು ಪುಟಗಟ್ಟಲೆ ಎತ್ತಿ ಹಾಕಿದ. ಕಾನೂನು ಗೊತ್ತುಪಡಿಸಿದ್ದ ಮೂರು ರಾಜಕೀಯ ಉಪದೇಶದ ದಿನಗಳು ಆಮೇಲೂ ಪ್ರಾರ್ಥನಾಪುಸ್ತಕದಲ್ಲಿ ಉಳಿದುಕೊಂಡಿದ್ದು, 1859ರಲ್ಲಿ ಪಾರ್ಲಿಮೆಂಟು ಆ ಹಳೆಯ ಕಾಯ್ದೆಗಳನ್ನು ರದ್ದುಮಾಡಿದಾಗ ಕೊನೆಗೊಂಡವು.